ಹುಮನಾಬಾದಿನ ಥಂಡಿ ಮತ್ತು ನಾವಿಬ್ಬರು

ತೆಂಗಿನೆಣ್ಣೆ ಕಲ್ಲಾಗಿತ್ತು. ಹುಮನಾಬಾದಿಗೆ ಬಂದು ಇನ್ನೂ ಹದಿನೈದು ದಿನವಾಗಿರಲಿಲ್ಲ. ನವೆಂಬರಿನ ಒಂದು ಬೆಳಿಗ್ಗೆ ತಲೆಗೆ ಹಚ್ಚಿಕೊಳ್ಳೋಣವೆಂದು ಬಾಟಲಿ ಬೋರಲು ಹಿಡಿದರೆ ಒಂದು ಹನಿಯೂ ಬೀಳಲಿಲ್ಲ. ಒಳಗೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ನಾನು ಕುಂದಾಪುರದ ಕಡೆಯವಳು. ನಮ್ಮ ಮನೆಯಲ್ಲಿ ಎಣ್ಣೆ ಹೀಗೆ ಹಟ ಹಿಡಿದದ್ದನ್ನು ಕಂಡವಳಲ್ಲ. ಅಂಗಡಿಯವರು ವನಸ್ಪತಿ ಬೆರೆಸಿ ಕೊಟ್ಟಿದ್ದಾರೆ ಎಂದುಕೊಂಡು ಬಾಟಲಿ ಹಿಡಿದು ಮಾಣಿಕನಗರಕ್ಕೆ ಜಗಳಕ್ಕೇ ಹೋದೆ. ಅಂಗಡಿಯ ಮುದುಕರು ಸಿಟ್ಟಾಗಲಿಲ್ಲ. ಬಾಟಲಿಯನ್ನು ಹೊರಗೆ ಬಿಸಿಲು ಬಿದ್ದ ಕಟ್ಟೆಯ ಮೇಲಿಟ್ಟು, ನನಗೊಂದು ಸ್ಟೂಲು ಕೊಟ್ಟು, “ಥಂಡಿ ಅದ ರೀ ಅಕ್ಕೋರ. ಜರಾ ಕೂಡ್ರಿ, ಕರಗತದ” ಎಂದರು. ಥಂಡಿ ಎಂದರೆ ಚಳಿ. ಅಕ್ಕೋರು ಎಂದರೆ ಪಾಠ ಹೇಳುವ ಹೆಂಗಸು. ಕಾಲು ಗಂಟೆಯಲ್ಲಿ ಎಣ್ಣೆ ಕರಗಿತು. ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಬೇಡದಿದ್ದ ಸೋಪೊಂದನ್ನು ಕೊಂಡು ವಾಪಸು ಬಂದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಕಾಲೇಜು ಓದುವ ಹುಡುಗಿಯರ ವಸತಿನಿಲಯವೊಂದಕ್ಕೆ ಮೇಲ್ವಿಚಾರಕಿಯಾಗಿ ನನ್ನನ್ನು ನೇಮಿಸಿದ್ದರು. ರಾಜ್ಯದ ಆ ತುದಿಯಿಂದ ಈ ತುದಿಗೆ ಹೋಗುವ ಮಗಳನ್ನು ಕಂಡು ಅಮ್ಮ ಅತ್ತಾಗ, ಅಲ್ಲಿಯೂ ಕನ್ನಡವೇ ಅಲ್ಲವೇ ಎಂದು ಸಮಾಧಾನ ಹೇಳಿದ್ದೆ. ಬಂದ ಮೇಲೆ ನೋಡಿದರೆ ನಾನು ಬಾಯಿ ತೆರೆದರೆ ಹುಡುಗಿಯರು ಸೆರಗು ಕಚ್ಚಿ ನಗುತ್ತಿದ್ದರು, ಅವರು ಬಾಯಿ ತೆರೆದರೆ ನಾನು ಕಣ್ಣು ಕಣ್ಣು ಬಿಡುತ್ತಿದ್ದೆ. ಅರ್ಧ ಕನ್ನಡ, ಉಳಿದದ್ದು ಉರ್ದು, ಮರಾಠಿ. ಅಲ್ಲಿ ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ಹೊಟ್ಟೆಗೆ ಇಲ್ಲಿ ಮೂರು ಹೊತ್ತೂ ಜೋಳದ ರೊಟ್ಟಿ. ಅಲ್ಲಿ ಮಣ್ಣಿನ ನೆಲ ಕಾಲಿಗೆ ತಂಪು. ಇಲ್ಲಿ ಫರ್ಸಿ ಕಲ್ಲಿನ ನೆಲದ ಮೇಲೆ ಕಾಲಿಟ್ಟರೆ ಮೊಣಕಾಲಿನವರೆಗೂ ಚಳಿ ಏರುತ್ತಿತ್ತು. ಹೆದ್ದಾರಿಯ ಲಾರಿಗಳ ಸದ್ದು, ಕಾರ್ಖಾನೆಗಳ ಕಡೆಯಿಂದ ಬರುವ ಔಷಧದ ಘಾಟು, ಇವೆರಡೂ ಇಬ್ಬನಿಯೊಳಗೆ ಸೇರಿ ಬೆಳಗಾಗುತ್ತಿತ್ತು.

ಹುಡುಗಿಯರಿಗೆ ಒಂದು ಅಭ್ಯಾಸವಿತ್ತು. ಚಳಿಗಾಲದಲ್ಲಿ ಬಿಸಿಲೇರಿದ್ದೇ ತಡ, ಎಲ್ಲರೂ ಅಂಗಳದ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂರುತ್ತಿದ್ದರು. ಒಬ್ಬಳ ತಲೆ ಇನ್ನೊಬ್ಬಳು ಬಾಚುವುದು, ಪುಸ್ತಕ ತೆರೆದಿಟ್ಟು ಹರಟೆ ಹೊಡೆಯುವುದು, ಶೇಂಗಾ ಸುಲಿಯುವುದು, ಯಾರೋ ಮನೆಯ ಸುದ್ದಿ ತೆಗೆದು ಅಳುವುದು, ಉಳಿದವರು ಅವಳನ್ನು ಗೇಲಿ ಮಾಡಿ ನಗಿಸುವುದು. ಕಾಲೇಜಿಗೆ ಹೊರಡುವವರೆಗೆ ಇದೇ. ಬಿಸಿಲು ಕಂಡರೆ ಕೊಡೆ ಬಿಚ್ಚುವ, ಮಾಡಿನ ನೆರಳಿಗೆ ಓಡುವ ಸೀಮೆಯವಳಾದ ನನಗೆ ಇದು ಶುದ್ಧ ಸೋಮಾರಿತನವಾಗಿ ಕಂಡಿತು. ಪರೀಕ್ಷೆ ಹತ್ತಿರ ಬರುತ್ತಿತ್ತು. ಡಿಸೆಂಬರ್ ಮೊದಲ ವಾರದಲ್ಲಿ ಫಲಕದ ಮೇಲೆ ಬರೆದು ಹಾಕಿದೆ: ಬೆಳಿಗ್ಗೆ ಯಾರೂ ಅಂಗಳದಲ್ಲಿ ಕೂರಬಾರದು, ಒಳಗೆ ಅವರವರ ಜಾಗದಲ್ಲಿ ಮೌನವಾಗಿ ಓದಬೇಕು. ಯಾರೂ ಎದುರಾಡಲಿಲ್ಲ. ನನ್ನ ಶಿಸ್ತಿಗೆ ನಾನೇ ಬೀಗಿದೆ.

ಆ ಹುಡುಗಿಯರಲ್ಲಿ ಸುವರ್ಣಾ ಎಂಬವಳೊಬ್ಬಳಿದ್ದಳು. ಹತ್ತಿರದ ಹುಡಗಿ ಎಂಬ ಗ್ರಾಮದವಳು, ಪಿಯುಸಿ ಎರಡನೇ ವರ್ಷ. ಅವಳ ಅಪ್ಪ ಶರಣಪ್ಪನವರಿಗೆ ಸ್ವಲ್ಪ ಹೊಲ, ನಾಲ್ಕಾರು ಎಮ್ಮೆ, ಒಂದಷ್ಟು ಕುರಿ. ನಾನು ಬಂದ ಹೊಸತರಲ್ಲಿ ನನ್ನ ಮಾತನ್ನು ಅಣಕಿಸಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದವಳು ಇವಳೇ. ಚಳಿ ಬಲಿಯುತ್ತ ಬಂದಂತೆ ಮೊದಲು ಅವಳ ನಗು ನಿಂತಿತು, ಆಮೇಲೆ ಮಾತು, ಆಮೇಲೆ ಊಟ. ಬೆಳಿಗ್ಗೆ ಕೌದಿ ಮುಸುಕೆಳೆದು ಮಲಗಿದರೆ ಏಳುತ್ತಿರಲಿಲ್ಲ. ಮೂರು ಮೂರು ದಿನ ಸ್ನಾನವಿಲ್ಲ, ತಲೆ ಜಡೆಗಟ್ಟಿತ್ತು. ಒಂದು ದಿನ ಪ್ರಾರ್ಥನೆಯ ಹೊತ್ತಿಗೆ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ, ಹೆಣ್ಣು ಹುಡುಗಿಗೆ ಇಷ್ಟು ಗಲೀಜು ಸಲ್ಲದು ಎಂದು ಬೈದೆ. ಅವಳು ಅಳಲಿಲ್ಲ, ತಲೆ ಎತ್ತಲೂ ಇಲ್ಲ. ಆ ಬೆಳಗನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಅಡುಗೆಯ ಕಾಶಿಬಾಯಿ ಅವತ್ತು ಮಧ್ಯಾಹ್ನ ನನ್ನ ಕೋಣೆಗೆ ಬಂದರು. ತಟ್ಟೆಯಲ್ಲಿ ನಾನು ಮುಟ್ಟದೆ ಬಿಟ್ಟಿದ್ದ ರೊಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು.

“ಆ ಹುಡುಗಿಗಿ ಬೈದ್ರಿ. ನೀವರೆ ತಲಿ ಹಿಕ್ಕೊಂಡು ಎಷ್ಟ ದಿನ ಆತ್ರಿ ಅಕ್ಕೋರ?”

ತಲೆ ಬಾಚಿಕೊಂಡದ್ದು ಯಾವಾಗಲೋ, ನೆನಪಿರಲಿಲ್ಲ. ಗೂಡಿನಲ್ಲಿದ್ದ ಕನ್ನಡಿಯನ್ನು ನೋಡಿಕೊಂಡು ವಾರವೇ ಆಗಿತ್ತು. ನಾನೂ ಹಾಜರಿ ತೆಗೆದುಕೊಂಡು ಬಂದವಳೇ ಬಾಗಿಲು ಹಾಕಿ ಕಂಬಳಿಯೊಳಗೆ ಸೇರುತ್ತಿದ್ದೆ. ಅಮ್ಮನಿಗೆ ಮಾತ್ರ ವಾರಕ್ಕೊಂದು ಕಾಗದ: ಸೌಖ್ಯ, ಊರು ಚೆನ್ನಾಗಿದೆ, ಜನ ಒಳ್ಳೆಯವರು. ಕಾಶಿಬಾಯಿ ಬಾಗಿಲಲ್ಲೇ ಕೂತು ನಿಧಾನವಾಗಿ ತಿಳಿಹೇಳಿದರು. ಥಂಡಿಯ ಕಾಲದಲ್ಲಿ ಹೆಣ್ಣುಮಕ್ಕಳನ್ನು ನೆರಳಲ್ಲಿ ಒಂಟಿಯಾಗಿ ಕೂರಿಸಿದರೆ ಮನಸ್ಸು ಮುದುಡುತ್ತದೆ, ಅದಕ್ಕೇ ತಮ್ಮಲ್ಲಿ ಅತ್ತೆ ಸೊಸೆ ಜಗಳವಾಡಿದ್ದರೂ ಬಿಸಿಲಿಗೆ ಒಂದೇ ಗೋಡೆಗೆ ಕೂರುತ್ತಾರೆ ಎಂದರು. ನಾನು ಹೋಗಿ ಫಲಕ ಅಳಿಸಿದೆ.

ಮರುದಿನ ಸುವರ್ಣಾಳನ್ನು ಎಬ್ಬಿಸಿ, ಕೌದಿಯ ಸಮೇತ ಅಂಗಳಕ್ಕೆ ಕರೆತಂದು, ಅವಳ ಪಕ್ಕದಲ್ಲಿ ನಾನೂ ಕೂತೆ. ಕಾಶಿಬಾಯಿ ನಮ್ಮಿಬ್ಬರ ತಲೆಗೂ ಎಣ್ಣೆ ತಟ್ಟಿದರು. ಮೊದಲೆರಡು ದಿನ ಅವಳು ಮಾತಾಡಲಿಲ್ಲ. ಮೂರನೇ ದಿನ ಉಳಿದವರು ಕಾಲೇಜಿಗೆ ಹೋದ ಮೇಲೆ, ನೆಲ ನೋಡುತ್ತಲೇ ಹೇಳಿದಳು.

“ಮುಂಜಾನೆ ಆಗೋದೇ ಬ್ಯಾಡ ಅನಸ್ತದರಿ ಅಕ್ಕೋರ. ನಾ ಇಲ್ಲಂದ್ರ ಎಲ್ಲಾರಿಗೂ ಚಲೋ ಆಗತದ.”

ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಹೌದೆಂದು ತಲೆಯಾಡಿಸಿದಳು. ಯಾಕೆಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಅವಳನ್ನು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಕೈ ಹಿಡಿದುಕೊಂಡು ಕೂತೆ. ಅಂದಿನಿಂದ ಅವಳ ಹಾಸಿಗೆ ನನ್ನ ಕೋಣೆಗೆ ಬಂತು. ಗೋಡೆಯ ಬಿಸಿಲಿಗೆ ಮೀರಿದ್ದೊಂದು ಇಲ್ಲಿದೆ ಎಂದು ನನಗೂ ಕಾಶಿಬಾಯಿಗೂ ಅರ್ಥವಾಗಿತ್ತು. ಊರಿನ ವೈದ್ಯರು ನೋಡಿ, ಇದಕ್ಕೆ ಟಾನಿಕ್ಕು ಸಾಲದು, ಬೀದರಿನಲ್ಲಿ ಮನಸ್ಸಿನ ಕಾಯಿಲೆಯ ಡಾಕ್ಟರಿದ್ದಾರೆ, ತಡಮಾಡದೆ ಹೋಗಿ ಎಂದು ಚೀಟಿ ಬರೆದುಕೊಟ್ಟರು.

ಹುಡಗಿ ಗ್ರಾಮಕ್ಕೆ, ಅವಳ ಅಪ್ಪನಿಗೆ ಹೇಳಿ ಕಳುಹಿಸಿದೆ. ಶರಣಪ್ಪನವರು ಮರುದಿನವೇ ಬಂದರು. ರುಮಾಲು ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡು ಎಲ್ಲವನ್ನೂ ಕೇಳಿ, ಮಗಳನ್ನು ಮನೆಗೆ ಕರೆದೊಯ್ಯುತ್ತೇನೆ ಎಂದರು. ಓದು ಭಾರವಾಗಿದೆ, ಬಿಟ್ಟರೆ ಸರಿಹೋಗುತ್ತಾಳೆ. ಬಸವಕಲ್ಯಾಣದಲ್ಲಿ ಒಂದು ಮನೆತನ ನೋಡಿಟ್ಟಿದ್ದಾರೆ, ಚೈತ್ರಕ್ಕೆ ಮದುವೆ ಮಾಡಿದರೆ ಮುಗಿಯಿತು.

“ತಲಿ ಡಾಕ್ಟರನ ಕಡಿ ಹೋಗ್ಯಾಳಂದ್ರ ಯಾರ ಮಾಡ್ಕೋತಾರ್ರಿ ಅಕ್ಕೋರ? ಊರಾಗ ನಾ ಏನಂತ ಹೇಳಲಿ?”

ಅವರು ಕೆಟ್ಟವರಲ್ಲ, ಹೆದರಿದ್ದರು. ಈ ಸ್ಥಿತಿಯಲ್ಲಿ ಹೊಸ ಮನೆಗೆ ಹೋದರೆ ಹುಡುಗಿ ಉಳಿಯುವುದಿಲ್ಲ ಎಂದು ನನಗೂ ಹೆದರಿಕೆ. ಆ ಕ್ಷಣದಲ್ಲಿ ಬಾಯಿಗೆ ಬಂದದ್ದು ಸತ್ಯವೇ ಆಗಿತ್ತು. ನನಗೂ ಮನಸ್ಸು ಸರಿಯಿಲ್ಲ, ನನಗೂ ಊಟ ಸೇರುತ್ತಿಲ್ಲ, ನಾನೂ ಅದೇ ಡಾಕ್ಟರಿಗೆ ತೋರಿಸಿಕೊಳ್ಳಬೇಕಾಗಿದೆ ಎಂದೆ. ಪರವೂರಿನ ಅಕ್ಕೋರಿಗೆ ತಲೆ ಕೆಟ್ಟಿದೆ, ಜೊತೆಗೆ ನಮ್ಮ ಮಗಳು ಹೋಗಿ ಬರುತ್ತಿದ್ದಾಳೆ ಎಂದು ಹೇಳಿಕೊಳ್ಳಿ ಎಂದೆ. ಶರಣಪ್ಪನವರು ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಂಡು, ಬಸ್ಸಿನಲ್ಲಿ ಕಿಟಕಿಯ ಗಾಳಿ ಬಡಿಯದಂತೆ ಕರೆದುಕೊಂಡು ಹೋಗಿ ಎಂದಷ್ಟೇ ಹೇಳಿ ಎದ್ದರು.

ಬೀದರಿಗೆ ಆ ಚಳಿಗಾಲದಲ್ಲಿ ಐದು ಸಲ ಹೋದೆವು. ಡಾಕ್ಟರು ಅವಳಿಗೆ ಗುಳಿಗೆ ಬರೆದರು, ನಾಲ್ಕಾರು ತಿಂಗಳು ಬಿಡಬಾರದೆಂದರು. ನನಗೆ ಹೊತ್ತಿಗೆ ಏಳು, ನಡೆ, ಬಿಸಿಲಿಗೆ ಕೂರು, ಮನೆಗೆ ನಿಜ ಬರೆ ಎಂದರು. ನಿಜ ಬರೆಯುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಎಳ್ಳಮಾವಾಸ್ಯೆ ಬಂದಾಗ ಶರಣಪ್ಪನವರು ನಮ್ಮಿಬ್ಬರನ್ನೂ ಹೊಲಕ್ಕೆ ಕರೆದರು. ಅವತ್ತು ಇಲ್ಲಿಯ ಜನ ಊರೇ ಖಾಲಿ ಮಾಡಿ ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಚರಗ ಚೆಲ್ಲುತ್ತಾರೆ, ಅಂದರೆ ಅಡುಗೆಯ ಎಡೆಯನ್ನು ಭೂಮಿಗೆ ಎರಚುತ್ತಾರೆ. ಆಮೇಲೆ ಎಲ್ಲರೂ ಜೋಳದ ನಡುವೆ ಕೂತು ಉಣ್ಣುತ್ತಾರೆ. ಕಾಳು, ಸೊಪ್ಪು, ಕಾಯಿಪಲ್ಲೆ ಎಲ್ಲ ಕೂಡಿಸಿ ಬೇಯಿಸಿದ ಭಜ್ಜಿಯ ಜೊತೆ ಸುವರ್ಣಾ ಒಂದು ಸಜ್ಜೆ ರೊಟ್ಟಿ ಪೂರ್ತಿ ತಿಂದಳು. ನಾನು ಎರಡು ತಿಂದೆ. ಅವಳ ಅವ್ವ ನಮ್ಮಿಬ್ಬರ ತಟ್ಟೆಯನ್ನೂ ಕದ್ದು ನೋಡುತ್ತಿದ್ದರು.

ಹೇಳಿದಂತೆಯೇ ತಲೆ ಕೆಟ್ಟವಳೆಂಬ ಹೆಸರು ನನಗೆ ಬಂತು. ಸಂತೆಯಲ್ಲಿ ಹೆಂಗಸರು ನನ್ನನ್ನು ಕಂಡರೆ ದನಿ ತಗ್ಗಿಸುತ್ತಿದ್ದರು. ಇಬ್ಬರು ತಂದೆಯರು ಮಕ್ಕಳನ್ನು ನಮ್ಮಲ್ಲಿಂದ ಬಿಡಿಸಿಕೊಂಡು ಹೋದರು. ನಗುತ್ತ ತಳ್ಳಿಹಾಕಿದೆ ಎಂದರೆ ಸುಳ್ಳಾದೀತು, ನೋವಾಯಿತು. ಸುವರ್ಣಾ ಆ ವರ್ಷ ಇಂಗ್ಲಿಷಿನಲ್ಲಿ ಫೇಲಾದಳು, ಮತ್ತೆ ಕಟ್ಟಿ ಪಾಸಾದಳು. ಚಳಿ ಬಂದಾಗ ಇನ್ನೂ ಎರಡು ಸಲ ಮಂಕಾದಳು, ಎರಡು ಸಲವೂ ತಾನೇ ಬಂದು ಹೇಳಿದಳು. ಮೂರು ವರ್ಷದ ಮೇಲೆ ಬಸವಕಲ್ಯಾಣಕ್ಕೇ ಸೊಸೆಯಾಗಿ ಹೋದಳು. ನಾನು ಒಬ್ಬಳೇ ಬಿಸಿಲಿಗೆ ಕೂರುವುದನ್ನು ಕಲಿತೆ, ಥಂಡಿ ಎನ್ನುವುದನ್ನೂ ಕಲಿತೆ. ರಜೆಯಲ್ಲಿ ಊರಿಗೆ ಹೋದರೆ ಅಣ್ಣನ ಮಕ್ಕಳು ನನ್ನ ಮಾತಿಗೆ ನಗುತ್ತಾರೆ.

ಹೊಸ ಶತಮಾನ ಶುರುವಾಗಿ ಆರು ವರ್ಷವಾದ ಮೇಲೆ, ಈ ಮೇ ತಿಂಗಳಲ್ಲಿ, ಎಷ್ಟೋ ಅರ್ಜಿಗಳ ನಂತರ ಕುಂದಾಪುರಕ್ಕೆ ವರ್ಗಾವಣೆಯ ಆದೇಶ ಬಂತು. ಅದೇ ವಾರ ಸುವರ್ಣಾ ಬಂದಳು, ಕಾಲೇಜಿಗೆ ಸೇರಿದ ತಂಗಿಯನ್ನು ನಮ್ಮಲ್ಲಿ ಬಿಡಲು. ಜೊತೆಯಲ್ಲಿ ಅವಳ ಗಂಡ, ಅತ್ತೆ, ಶರಣಪ್ಪನವರು. ನಾನು ತಂಗಿಯ ಪ್ರವೇಶದ ಅರ್ಜಿ ತುಂಬುತ್ತಿದ್ದೆ. ಅತ್ತೆ ಮೆಲ್ಲಗೆ ಕೇಳಿದರು, ಅಕ್ಕೋರಿಗೆ ಈಗ ಆರಾಮವೇ, ಆಗ ತಲೆಯದೇನೋ ತ್ರಾಸಿತ್ತಂತೆ ಎಂದು. ಶರಣಪ್ಪನವರ ಮುಖ ಬಿಳಿಚಿತು. ನಾನು ಹೌದು, ಆರಾಮ ಎನ್ನುವಷ್ಟರಲ್ಲಿ ಸುವರ್ಣಾ ಮಾತಾಡಿದಳು.

“ಅಕ್ಕೋರೊಬ್ಬರಿಗೇ ಅಲ್ಲರಿ ಅತ್ತಿ, ನನಗೂ ಇತ್ತು. ಗುಳಗಿ ನಾ ನುಂಗಿದ್ದೆ, ಹೆಸರ ಇವ್ರು ಹೊತ್ರು.” ಆಮೇಲೆ ತಂಗಿಯ ಕಡೆ ತಿರುಗಿದಳು. “ಥಂಡ್ಯಾಗ ಮನಸಿಗಿ ಹ್ಯಾಂಗರೆ ಆದ್ರ ಮುಚ್ಚಿಡಬ್ಯಾಡ. ಅಕ್ಕೋರ ಇರ್ತಾರ, ಅವ್ರ ಮುಂದ ಹೇಳು.”

ಅತ್ತೆ ಸೊಸೆಯ ಬೆನ್ನ ಮೇಲೆ ಕೈಯಿಟ್ಟರು. ನನಗೆ ಅಳು ಬಂತು, ಎಲ್ಲರ ಮುಂದೆಯೇ ಅತ್ತುಬಿಟ್ಟೆ. ವರ್ಗವಾಗಿ ಹೋಗುವವಳಿದ್ದೇನೆ ಎನ್ನುವ ಮಾತು ಆ ಅಳುವಿನಲ್ಲಿ ಹೊರಬರಲಿಲ್ಲ.

ಕುಂದಾಪುರದಲ್ಲಿ ಹಾಜರಾಗಲು ಇನ್ನು ನಾಲ್ಕು ದಿನವಿದೆ. ಅಲ್ಲಿ ಅಮ್ಮ ಆದೇಶದ ಸುದ್ದಿ ತಿಳಿದು ನನ್ನ ಕೋಣೆಗೆ ಸುಣ್ಣ ಬಳಿಸಿದ್ದಾಳಂತೆ. ಇಲ್ಲಿ ಸುವರ್ಣಾಳ ತಂಗಿ ಟ್ರಂಕು ಬಿಚ್ಚಿ ಬಟ್ಟೆ ಜೋಡಿಸಿಕೊಳ್ಳುತ್ತಿದ್ದಾಳೆ. ಹೋಗುತ್ತೇನೋ, ಉಳಿಯುತ್ತೇನೋ, ಇಬ್ಬರಿಗೂ ನಾನು ಇನ್ನೂ ಏನೂ ಹೇಳಿಲ್ಲ.