ಮಿಸ್ತ್ರಿಯ ಮೀಟರ್ ಸುಳ್ಳಾಡಲಿಲ್ಲ

ಮೊಮ್ಮಕ್ಕಳೇ, ಅಂಬಿಕಾ, ಶರಣು, ಗಾಡಿ ರಿಪೇರಿಯ ಒಬ್ಬ ಮಿಸ್ತ್ರಿ ಇದ್ದರು. ಅವರು ಗಾಡಿ ಬಿಸಿಯಾಗಿದೆಯೋ ಇಲ್ಲವೋ ಎಂದು ನೋಡಲು ಅಂಗೈ ಇಡುತ್ತಿರಲಿಲ್ಲ. ನಿಮಗೆ ಜ್ವರ ಬಂದಾಗ ನಾನು ಹಣೆ ಮುಟ್ಟಿ ನೋಡುತ್ತಿದ್ದೆನಲ್ಲ, ಹಾಗೆ ಕೈ ತಿರುಗಿಸಿ ಹಿಂಗೈಯಿಂದ ಮುಟ್ಟುತ್ತಿದ್ದರು. ಗಾಡಿಗಳ ವೈರು ಬೆಸೆದು ಬೆಸೆದು ಅವರ ಅಂಗೈ ಹಳೆಯ ಚಪ್ಪಲಿಯ ಚರ್ಮದಂತಾಗಿತ್ತು. ಅದಕ್ಕೆ ಬಿಸಿ ತಿಳಿಯುತ್ತಿರಲಿಲ್ಲ.

ಜಗತ್ ಸರ್ಕಲ್ಲಿನ ಹಿಂದಿನ ಗಲ್ಲಿಯಲ್ಲಿ ಅವರ ತಗಡಿನ ಶೆಡ್ ಇತ್ತು. ಕೆಲಸ ಮಾಡುವಾಗ ಗಾಡಿಯ ಜೊತೆಗೇ ಮಾತು: "ತಡಿ ತಡಿ, ಆಯ್ತು." ಬೈಯುವುದಿದ್ದರೆ ಓಡಿಸುವವನನ್ನು ಬೈಯುತ್ತಿದ್ದರು, ಗಾಡಿಯನ್ನಲ್ಲ. ಚಹಾ ಬಂದರೆ ಅರ್ಧವನ್ನು ಕಪ್ಪಿನ ಕೆಳಗಿನ ಬಸಿಗೆ ಸುರುವಿ ಎದುರಿಗಿದ್ದವರಿಗೆ ಕೊಟ್ಟ ಮೇಲೆಯೇ ತಾವು ಕುಡಿಯುತ್ತಿದ್ದರು.

ನಿಮ್ಮ ಮುತ್ಯಾ, ನನ್ನ ಗಂಡ, ತೀರಿಕೊಂಡ ಮೇಲೆ ನಾನು ಬ್ರಹ್ಮಪುರದಲ್ಲಿ ಅವರ ಅಣ್ಣನ ಮನೆಯಲ್ಲಿದ್ದೆ. ಭಾವನವರು ಒಳ್ಳೆಯವರು. ಆದರೆ ನಮ್ಮಲ್ಲಿ ಗಂಡನ ಅಣ್ಣನ ಎದುರು ಹೆಣ್ಣು ಮಾತಾಡುವ ಪದ್ಧತಿ ಇರಲಿಲ್ಲ. ಮೂವತ್ತು ವರ್ಷದಲ್ಲಿ ನಾನು ಅವರಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಊಟಕ್ಕೆ ಕರೆಯಬೇಕಾದರೆ ಸೆರಗು ಎಳೆದುಕೊಂಡು ಬಾಗಿಲಿಗೆ ಹೇಳಿದಂತೆ ಹೇಳುತ್ತಿದ್ದೆ. ಅವರೂ ಬಾಗಿಲಿಗೇ ಉತ್ತರ ಕೊಡುತ್ತಿದ್ದರು.

ಕಮಲಾಪುರದಲ್ಲಿ ನಮ್ಮ ಕೆಂಪು ಬಾಳೆಯ ತೋಟವಿತ್ತು. ಪ್ರತಿ ಸೋಮವಾರ ಭಾವನವರ ಜೊತೆ ನಾನೂ ಹೋಗಿ ಗೊನೆ ನೋಡಿ ಬರುತ್ತಿದ್ದೆ. ಆಗ ಅವರು ಹೈದರಾಬಾದಿನಿಂದ ಒಂದು ಹಳೆಯ ಗಾಡಿ ತಂದರು. ಅರ್ಧ ಪೆಟ್ರೋಲ್, ಅರ್ಧ ಬ್ಯಾಟರಿಯ ಹೈಬ್ರಿಡ್ ಗಾಡಿ. ಸಿಗ್ನಲ್ಲಿನಲ್ಲಿ ನಿಂತರೆ ಇಂಜಿನ್ ತಾನಾಗಿ ಆರಿಹೋಗುತ್ತಿತ್ತು. ಜಗತ್ ಸರ್ಕಲ್ಲಿನಲ್ಲಿ ಆಟೋದವರು ಬಗ್ಗಿ ನೋಡಿ, "ಏನ್ರೀ ಸಾಹುಕಾರ್ರೆ, ಬಂದ್ ಬಿತ್ತೇನ್ರೀ? ದಬ್ಬಲೇನು?" ಎಂದು ನಗುತ್ತಿದ್ದರು.

ಆ ಗಾಡಿಯನ್ನು ಮುಟ್ಟಲು ಬೇರೆ ಯಾರೂ ಒಪ್ಪಲಿಲ್ಲ. ಮಿಸ್ತ್ರಿ ಒಪ್ಪಿದರು. "ಇದರಾಗ ಎರಡು ಜೀವ ಅದಾವ್ರಿ," ಎಂದರು. "ಒಂದು ಕೂಗ್ತದ, ಒಂದು ಸುಮ್ಮನಿರ್ತದ. ಕೂಗೋದ್ರದು ಅಂಜಿಕಿಲ್ಲ. ಸುಮ್ಮನಿರೋದನ್ನ ನೋಡ್ಕೋಬೇಕು."

ಅದನ್ನು ನೋಡಿಕೊಳ್ಳಲು ಅಂಗೈಯಗಲದ ಒಂದು ಮೀಟರ್ ತರಿಸಿದರು. ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದರೆ ಸಾಕು, ಬ್ಯಾಟರಿಯ ಬಿಸಿ ಅಂಕಿಯಾಗಿ ಕಾಣುತ್ತಿತ್ತು. ಭಾವನವರಿಗೆ ಹತ್ತಿರದ್ದು ಕಾಣುತ್ತಿರಲಿಲ್ಲ. ಅದಕ್ಕೆ ವೈರು ಉದ್ದ ಮಾಡಿ, ಹಿಂದೆ ಕೂತ ನನಗೆ ಕಾಣುವಂತೆ ಎರಡು ಸೀಟುಗಳ ನಡುವೆ ಅಂಟಿಸಿದರು. ನನ್ನ ಕೈಗೆ ಒಂದು ನೋಟುಬುಕ್ ಕೊಟ್ಟರು.

"ಅಕ್ಕಾರ, ಸಾಹುಕಾರ್ರು ರೋಡ್ ನೋಡ್ಲಿ, ನೀವು ಇದನ್ನ ನೋಡಿ ಬರೀರಿ. ನಲವತ್ತೈದು ದಾಟಿತಂದ್ರ ಗಾಡಿ ನಿಲ್ಲಸ್ರಿ ಅಂತ ಹೇಳ್ರಿ."

"ನನಗ ಇಂಗ್ಲಿಷ್ ಬರಲ್ರಿ," ಎಂದೆ.

"ಅಂಕಿಗೆ ಯಾವ ಭಾಷಾರಿ? ಬಾಳಿಹಣ್ಣು ಎಣಸಲ್ಲೇನು ನೀವು?"

ನಾಲ್ಕನೇ ಇಯತ್ತೆ ಓದಿದವಳ ಕೈಗೆ ಅಷ್ಟು ನಂಬಿ ಏನನ್ನೂ ಯಾರೂ ಕೊಟ್ಟಿರಲಿಲ್ಲ. ನಾಲ್ಕು ತಿಂಗಳು ಒಂದು ಸೋಮವಾರವೂ ತಪ್ಪದೆ ಬರೆದೆ.

ಆಮೇಲೆ ಬೇಸಿಗೆ ಬಂತು. ಒಂದು ಸೋಮವಾರ ಗೊನೆಗಳು ಉಜ್ಜಿ ಕಪ್ಪಾಗಬಾರದೆಂದು ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಕೆಂಪು, ಹಸಿರು ನೂಲಿನಿಂದ ಹೊಲಿದ ನನ್ನ ಕೌದಿ ಮಡಚಿ ಹಾಸಿ, ಅದರ ಮೇಲೆ ಹಣ್ಣಿಟ್ಟೆ. ಆ ಹಲಗೆಯಲ್ಲಿ ಒಂದು ಸಣ್ಣ ಜಾಲರಿ ಇತ್ತು. ಸೀಟಿನ ಹಿಂದಿದ್ದ ಬ್ಯಾಟರಿ ತಂಪಾಗಲು ಅದರಿಂದಲೇ ಗಾಳಿ ಎಳೆದುಕೊಳ್ಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಕಮಲಾಪುರ ಬಿಟ್ಟಾಗ ಮೂವತ್ತೆಂಟು. ಮಹಾಗಾಂವ ಕ್ರಾಸಿನಲ್ಲಿ ನಲವತ್ತಮೂರು. ಆಮೇಲೆ ನಲವತ್ತೇಳು. ಬರೆದೆ. ನಿಲ್ಲಿಸಿರಿ ಎನ್ನಬೇಕು. ಗಾಡಿಯಲ್ಲಿ ಮಾತಾಡಲು ಬಾಗಿಲೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಭಾವನವರ ಬೆನ್ನು ಮಾತ್ರ ಇತ್ತು. ಎರಡು ಸಲ ಕೆಮ್ಮಿದೆ. ನನಗೆ ಧೂಳು ಬಡಿಯಿತೆಂದು ತಿಳಿದು ಅವರು ನನ್ನ ಕಡೆಯ ಗಾಜು ಏರಿಸಿದರು. ಐವತ್ತೊಂದು ಎಂದು ಬರೆದು ಸುಮ್ಮನೆ ಕೂತೆ. ತಾಜಸುಲ್ತಾನಪುರದ ಹತ್ತಿರ ಕೆಂಪು ದೀಪ ಹತ್ತಿ ಗಾಡಿ ನಿಂತುಬಿಟ್ಟಿತು.

ಎಳೆಸಿಕೊಂಡು ಶೆಡ್ಡಿಗೆ ತಂದೆವು. ಭಾವನವರು ಕೂಗಾಡಿದರು: "ಏನ್ ಮಿಸ್ತ್ರಿ, ನಿನ್ನ ಡಬ್ಬಿ ಹಚ್ಚಿದ ಮ್ಯಾಲೇ ನನ್ನ ಗಾಡಿ ಹಾಳಾಗ್ಯಾದ! ಒಂದು ಸುಳಿವರೆ ಕೊಡ್ತೇನು ಅದು? ಧೂಳಿಗೆ ಈಕಿ ಕೆಮ್ಮಿದ್ದೊಂದೇ ಕೇಳಿಸ್ತು ನನಗ."

ಮಿಸ್ತ್ರಿ ಹಿಂದಿನ ಸೀಟು ಬಿಚ್ಚಿ, ಒಳಗೆ ಬ್ಯಾಟರಿಗೆ ಗಾಳಿ ಎಳೆಯುವ ಪಂಖ ತೆಗೆದರು. ಅದಕ್ಕೆ ಕೆಂಪು, ಹಸಿರು ನೂಲು ಸುತ್ತಿಕೊಂಡಿತ್ತು. ಅವರು ನೂಲನ್ನು ನೋಡಿದರು, ನನ್ನ ಬಗಲಲ್ಲಿದ್ದ ಕೌದಿಯನ್ನು ನೋಡಿದರು, ನೂಲನ್ನು ಬಿಡಿಸಿ ಅಂಗಿಯ ಕಿಸೆಗೆ ಹಾಕಿಕೊಂಡರು.

"ಏನ್ ಸಿಕ್ತು?" ಎಂದರು ಭಾವನವರು.

"ಧೂಳ್ರಿ."

ಭಾವನವರು ಸಿಟ್ಟಿನಿಂದ ಹೊರಗೆ ಹೋದ ಮೇಲೆ ನಾನು ನೋಟುಬುಕ್ ಚಾಚಿದೆ. ಕೊನೆಯ ಪುಟ ಓದಿ ತಿರುಗಿ ಕೊಟ್ಟರು. "ಬರಾಬರ ಬರದೀರಿ," ಎಂದರು. "ಜಾಲರಿ ಮುಚ್ಚಬ್ಯಾಡ್ರಿ ಅಂತ ನಾನೇ ಹೇಳಬೇಕಿತ್ತು, ಅದು ನನ್ನ ತಪ್ಪು. ಆದ್ರ ಅಕ್ಕಾರ, ಕೆಮ್ಮಿದ್ರ ಗಾಡಿ ನಿಲ್ಲಲ್ರಿ."

ಅಷ್ಟೇ ಅಂದದ್ದು. ಅದಕ್ಕಿಂತ ಹೆಚ್ಚು ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಭಾವನವರು ಕಂಡಕಂಡವರಿಗೆಲ್ಲ ಹೇಳಿದರು: ಆ ಮಿಸ್ತ್ರಿಯ ಮೀಟರ್ ಸುಳ್ಳು, ಅವನ ಕೈಗೆ ಗಾಡಿ ಕೊಡಬೇಡಿ. ಊರಲ್ಲಿ ಅವರ ಮಾತಿಗೆ ತೂಕವಿತ್ತು. ಗಾಡಿಗಳು ಬರುವುದು ನಿಂತಿತು. ಗಾಡಿ ಕೆಟ್ಟ ಮೇಲೆ ಸೋಮವಾರ ತೋಟಕ್ಕೆ ಬಸ್ಸಿಗೆ ಹೋಗುವಾಗ ನಾನು ಬೇಕೆಂದೇ ಆ ಗಲ್ಲಿಯಲ್ಲಿ ಹಾಯುತ್ತಿದ್ದೆ. ಮಿಸ್ತ್ರಿ ಖಾಲಿ ಶೆಡ್ಡಿನಲ್ಲಿ ಯಾರದೋ ಮಿಕ್ಸರ್ ಬಿಚ್ಚಿಕೊಂಡು ಕೂತಿರುತ್ತಿದ್ದರು. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಏಳು ತಿಂಗಳು ಹೀಗೇ ಹೋಯಿತು. ಪ್ರತಿ ಸೋಮವಾರ ಇವತ್ತು ಹೇಳುತ್ತೇನೆ ಎಂದುಕೊಂಡೆ.

ಒಂದು ದಿನ ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿಯವರೊಬ್ಬರು ಮನೆಗೆ ಬಂದು, ಗಾಡಿಯ ವೈರಿಂಗಿಗೆ ಯಾರು ಒಳ್ಳೆಯವರು ಎಂದು ಕೇಳಿದರು. "ಜಗತ್ ಸರ್ಕಲ್ಲಿನಾಗಿನ ಆ ಮಿಸ್ತ್ರಿ ಒಬ್ಬನ್ನ ಬಿಟ್ಟು ಯಾರಿಗರೆ ಕೊಡ್ರಿ," ಎಂದರು ಭಾವನವರು. ನಾನು ಬಾಗಿಲ ಹಿಂದೆ ಚಹಾ ಹಿಡಿದು ನಿಂತಿದ್ದೆ. ಒಳಗೆ ಬಂದೆ. ಚಹಾ ಕೆಳಗಿಟ್ಟೆ.

"ಭಾವಾ, ಅವರ ಮೀಟರ್ ಖರೇನೇ ಹೇಳಿತ್ತು. ನಾನೇ ನೋಡಿ ಸುಮ್ಮನಿದ್ದೆ. ಕೌದಿನೂ ನಾನೇ ಹಾಸಿದ್ದೆ."

ಭಾವನವರು ಬಾಗಿಲ ಕಡೆ ತಿರುಗಿದರು. "ಮೊದಲೇ ಹೇಳಬೇಕಿತ್ತು," ಎಂದು ಬಾಗಿಲಿಗೆ ಹೇಳಿದರು.

ಮರುದಿನ ಇಬ್ಬರೂ ಶೆಡ್ಡಿಗೆ ಹೋದೆವು. ತಪ್ಪಾಯಿತು ಎನ್ನಲು ಭಾವನವರಿಗೆ ಬರಲಿಲ್ಲ. ಮಿಸ್ತ್ರಿ ಬಸಿಗೆ ಸುರುವಿ ಕೊಟ್ಟ ಅರ್ಧ ಚಹಾ ಕುಡಿದು, "ಅಕಿ ಎಲ್ಲಾ ಹೇಳ್ಯಾಳ," ಎಂದರು.

ಮಿಸ್ತ್ರಿ ನನ್ನ ಕಡೆ ತಿರುಗಿದರು. "ಅಕ್ಕಾರ ಮಾತಾಡಿದ್ರೇನು? ನಿಮ್ಮೊಳಗಿನ ಬಿಸಿ ಎಷ್ಟಕ್ಕ ಏರಿತ್ರಿ?"

"ಐವತ್ತೊಂದು ಎಂದೋ ದಾಟಿತ್ರಿ," ಎಂದೆ. ಅವರು ನಕ್ಕರು.

ಭಾವನವರು ಅದೇ ಜನರಿಗೆ ನಿಜ ಹೇಳಿದರು. ಆದರೆ ಮೊದಲಿನ ಮಾತು ಹತ್ತು ಬಾಯಿ ದಾಟಿ ಹೋಗಿತ್ತು. ಈ ಮಾತು ಕೇಳಿದವರ ಹತ್ತಿರವೇ ಉಳಿಯಿತು. ಗಾಡಿಗಳು ತಿರುಗಿ ಬರಲಿಲ್ಲ. ಮಿಸ್ತ್ರಿ ಇನ್ನೆರಡು ವರ್ಷ ಮಿಕ್ಸರ್ ರಿಪೇರಿ ಮಾಡಿಕೊಂಡಿದ್ದು ತೀರಿಕೊಂಡರು. ಈಗಲೂ ಜಗತ್ ಸರ್ಕಲ್ಲಿನಲ್ಲಿ ಹಳಬರನ್ನು ಕೇಳಿದರೆ, "ಆ ಸುಳ್ಳು ಮೀಟರಿನವನಾ?" ಎನ್ನುತ್ತಾರೆ.

ನನಗೆ ದಣಿವಾಗಿದೆ, ಕೈ ನೋಯುತ್ತದೆ. ನೋಟುಬುಕ್ಕಿನ ಕೊನೆಯ ಹಾಳೆಯನ್ನು ಈ ಹಾಳೆಗಳಿಗೇ ಹೊಲಿದಿದ್ದೇನೆ. ಮೂವತ್ತೆಂಟು, ನಲವತ್ತಮೂರು, ನಲವತ್ತೇಳು, ಐವತ್ತೊಂದು. ಅಕ್ಷರ ಡೊಂಕಾಗಿದೆ, ಅಂಕಿ ಸರಿಯಿದೆ. ಅವರು ಸುಳ್ಳಲ್ಲ ಎಂಬುದಕ್ಕೆ ಬೇರೆ ಗುರುತು ಎಲ್ಲೂ ಉಳಿದಿಲ್ಲ. ಇದನ್ನು ಕಳೆಯಬೇಡಿರಿ ಮಕ್ಕಳೇ, ಜೋಪಾನವಾಗಿ ಇಟ್ಟುಕೊಳ್ಳಿರಿ.