ಒಂದೇ ಹೆಸರಿನ ಎರಡು ದನಿ

ಅವ್ವ ಹಾಡಿದ ಪದವನ್ನು ಕಳ್ಳರಿಂದ ಕಾಪಾಡುವ ಕೆಲಸಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಹೀಗೆ ಬರೆದಾಗ ಮೊದಲು ನಗು ಬರುತ್ತದೆ, ಆಮೇಲೆ ಬರೆದದ್ದನ್ನು ಹೊಡೆದುಹಾಕಬೇಕು ಅನ್ನಿಸುತ್ತದೆ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಕೊಳ್ಳೇಗಾಲದ ಒಂದು ಬಾಡಿಗೆ ಮಹಡಿಯ ಮೇಲೆ ಜನಪದ ಹಾಡು ಸಂಗ್ರಹಿಸುವ ಸಣ್ಣ ಕಚೇರಿ. ಹನೂರು, ಯಳಂದೂರು ಕಡೆಯ ಹಳ್ಳಿಗಳಿಗೆ ಟೇಪ್‌ರೆಕಾರ್ಡರ್ ಹೊತ್ತು ಹೋಗಿ ಹೆಂಗಸರ ಪದಗಳನ್ನು ತರುವುದು, ಕಂಪ್ಯೂಟರಿಗೆ ಇಳಿಸುವುದು, ಫೋನ್ ಲೈನಿನಲ್ಲಿ ಮೈಸೂರಿನ ಸರ್ವರಿಗೆ ಕಳಿಸುವುದು ನನ್ನ ಕೆಲಸ. ಕ್ಯಾಸೆಟ್ ಮಾರುವವರು ನಡುದಾರಿಯಲ್ಲಿ ಕದ್ದುಬಿಟ್ಟಾರು ಅನ್ನುವ ಭಯ ಮೇಲಿನವರಿಗೆ. ಅದಕ್ಕೇ ಫೈಲಿಗೆ ಬೀಗ ಹಾಕಿದ ಹಾಗೆ, ಬೇರೆಯವರಿಗೆ ಅರ್ಥವಾಗದ ರೂಪದಲ್ಲಿ ಕಳಿಸುವ ಒಂದು ಕಮಾಂಡ್ ಕಲಿಸಿದ್ದರು. ಒಂದು ಪದ ಹೋಗಿ ಮುಟ್ಟಲು ಅರ್ಧ ಬೆಳಗು ಬೇಕು. ಲೈನು ಕಡಿದರೆ ಮತ್ತೆ ಮೊದಲಿಂದ. ಮುಟ್ಟಿದ ಮೇಲೆ ನಮ್ಮಲ್ಲಿರುವುದನ್ನು ಅಳಿಸಬೇಕು, ಡಿಸ್ಕ್ ಚಿಕ್ಕದು. ಅದೇ ಕ್ಯಾಸೆಟ್ಟಿನಲ್ಲೂ ಹಳೆಯದರ ಮೇಲೆ ಇನ್ನೊಬ್ಬರ ಹಾಡು ತುಂಬುತ್ತಿದ್ದೆವು.

ಹೊನ್ನೂರಿನ ನಮ್ಮ ಮನೆಗೂ ಹೋದೆ. ಗದ್ದೆ ನಾಟಿಯ ಪದ ಹೇಳುವುದರಲ್ಲಿ ಅವ್ವ ಎತ್ತಿದ ಕೈ. ಎಲೆಅಡಿಕೆ ಉಗಿದು, ಗಂಟಲು ಸರಿಮಾಡಿಕೊಂಡು ಜಗುಲಿಯ ಮೇಲೆ ಕೂತು ಹಾಡಿದಳು. ನಡುವೆ ಕಾಳಿಗೆ ಬಾಯಿ ಹಾಕಿದ ಕೋಳಿಯನ್ನು ಏನೋ ಬೈದಳು, ಅದೂ ಟೇಪಿಗೆ ಹೋಯಿತು. ನಾನು ಅವಳ ಮುಖ ನೋಡಲಿಲ್ಲ, ರೆಕಾರ್ಡರಿನ ಮುಳ್ಳು ಕುಣಿಯುವುದನ್ನೇ ನೋಡುತ್ತಿದ್ದೆ.

"ಇದ ತಕಂಡೋಗಿ ಎಲ್ಲಿ ಮಡಗ್ತೀಯ್ಲಾ?" ಅಂದಳು.

"ಮೈಸೂರ್ನಲ್ಲಿ. ಬೀಗ ಆಕ್ಬುಟ್ಟು ಕಳಿಸ್ತೀನಿ ಕಣವ್ವ, ಯಾರೂ ಕದಿಯಕ್ಕಾಗಲ್ಲ."

"ಇಷ್ಟ್ ವರ್ಸ ಗದ್ದೆ ಬಯಲಲ್ಲಿ ಬಾಯ್ಬುಟ್ಟು ಏಳಿವ್ನಿ. ಯಾರ್ಲಾ ಕದ್ದರು?"

ನಾನು ದೊಡ್ಡ ತಿಳಿದವನ ಹಾಗೆ ನಕ್ಕೆ.

ಮಾರನೇ ವರ್ಷ ಮೂರೇ ದಿನದ ಜ್ವರಕ್ಕೆ ಅವ್ವ ಹೋದಳು. ಅಕ್ಕನನ್ನು ಹನೂರಿನಾಚೆ ಕಾಡಂಚಿನ ಊರಿಗೆ ಕೊಟ್ಟಿತ್ತು. ಸುದ್ದಿ ಮುಟ್ಟಿ, ಎರಡು ಬಸ್ಸು ಬದಲಿಸಿ ಅವಳು ಬರುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಕೊನೆಗೆ ಮುಖವೂ ಸಿಗಲಿಲ್ಲ. ತಿಥಿಯ ದಿನ ಅವಳ ಅಳು ನೋಡಲಾಗದೆ ಹೇಳಿದೆ: "ಅಳ್ಬೇಡ ಕಣಕ್ಕ, ಅವ್ವನ ದನಿ ನನ್ ತಾವದೆ. ಕೋಳಿ ಬೈದಿದ್ದೂ ಅದೆ. ಕೊಳ್ಳೇಗಾಲಕ್ ಬಾ, ಕೇಳಿಸ್ತೀನಿ." ಅವಳು ಕಣ್ಣೊರೆಸಿಕೊಂಡಳು. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಅಕ್ಕ ಬಂದಳು. ಮೈಸೂರಿನಿಂದ ಫೈಲು ಇಳಿದು ಬರುವವರೆಗೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಾಡು ಹಾಕಿದೆ. ಒಂದು ಸಾಲು ಮುಗಿಯುವ ಮೊದಲೇ ನನ್ನ ಕಡೆ ತಿರುಗಿದಳು.

"ಇದು ಅವ್ವ ಅಲ್ಲ ಕಣ್ಲಾ."

ಅಲ್ಲ. ಅಗರ ಅನ್ನುವ ಊರಿನ, ಅವ್ವನದೇ ಹೆಸರಿನ ಇನ್ನೊಬ್ಬ ಹೆಂಗಸಿನ ದನಿ ಅದು. ನಮ್ಮ ಕಡೆ ಬೆಟ್ಟದ ದೇವರಿಗೆ ಹರಕೆ ಹೊತ್ತು ಹೆತ್ತ ಮಕ್ಕಳಿಗೆಲ್ಲ ಆ ದೇವರ ಹೆಸರೇ. ಬೀದಿಯಲ್ಲಿ ನಿಂತು ಒಮ್ಮೆ ಕೂಗಿದರೆ ನಾಲ್ಕು ಮನೆಯಿಂದ ಓಗೊಡುತ್ತಾರೆ. ಅದಕ್ಕೇ ಊರಲ್ಲಿ ಯಾರೂ ಬರೀ ಹೆಸರು ಹಿಡಿದು ಕರೆಯುವುದಿಲ್ಲ. ಬಾವಿಮನೆಯವಳು, ಮೇಗಲಕೇರಿಯವಳು ಅಂತ ಸೇರಿಸುತ್ತಾರೆ. ಅಕ್ಷರ ಬಾರದವರೂ ಮಾಡದ ತಪ್ಪನ್ನು ಕಂಪ್ಯೂಟರ್ ಕಲಿತ ನಾನು ಮಾಡಿದ್ದೆ. ಟೈಪ್ ಮಾಡಲು ಉದ್ದವಾಗುತ್ತದೆಂದು ಬಾವಿಮನೆ ಅನ್ನುವ ನಮ್ಮ ಮನೆಯ ಗುರುತನ್ನು ಬಿಟ್ಟು ಅವ್ವನ ಹೆಸರಷ್ಟನ್ನೇ ಫೈಲಿಗೆ ಇಟ್ಟಿದ್ದೆ. ಆರು ತಿಂಗಳಾದ ಮೇಲೆ ಅಗರದವಳ ಹಾಡನ್ನೂ ಅದೇ ಹೆಸರಿನಲ್ಲಿ ಕಳಿಸಿದ್ದೆ. ಹಳೆಯದನ್ನು ಅಳಿಸಲೇ ಅಂತ ಆ ಕಮಾಂಡ್ ಕೇಳುವುದಿಲ್ಲ. ಹೊಸದನ್ನು ಹಳೆಯದರ ಮೇಲೆ ಬರೆದು ಸುಮ್ಮನಾಗುತ್ತದೆ.

ಮೈಸೂರಿನಿಂದ ಬೆಂಗಳೂರಿನ ಇನ್ನೊಂದು ಸರ್ವರಿಗೆ ವಾರಕ್ಕೊಮ್ಮೆ ಪ್ರತಿ ಹೋಗುತ್ತಿತ್ತು. ಅಲ್ಲಾದರೂ ಉಳಿದಿರಲಿ ದೇವರೇ ಅಂತ ಫೋನು ಮಾಡಿದೆ. ನನ್ನ ತಪ್ಪನ್ನು ಅದೂ ನಿಯತ್ತಾಗಿ ನಕಲು ಮಾಡಿಕೊಂಡಿತ್ತು. ಯಾವ ಕಳ್ಳನೂ ಬಂದಿರಲಿಲ್ಲ. ನನ್ನ ಕೈಯಾರೆ ಅಳಿಸಿದ್ದೆ. ಅಕ್ಕನಿಗೆ ಎಲ್ಲ ಹೇಳಿ, ಮೇಜಿಗೆ ತಲೆಯಿಟ್ಟು ಅತ್ತೆ.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಇನ್ನೊಂದ್ ಸಲ ಆಕು" ಅಂದಳು. ಅಗರದವಳ ಪದವನ್ನು ಕೊನೆಯವರೆಗೂ ಕೇಳಿದಳು.

"ಈವಮ್ಮ ಬದ್ಕವ್ಳಾ?"

"ಬದ್ಕವ್ಳೆ ಕಣಕ್ಕ."

"ಮಕ್ಳು?"

"ಒಬ್ಳೇ ಮಗಳು. ದೂರ ಕೊಟ್ಟವ್ರೆ."

"ಅಂಗಾರೆ ಇದ್ನಾದ್ರೂ ನೆಟ್ಗೆ ಮಡಗ್ಲಾ."

ಹೆಸರಿನ ಜೊತೆಗೆ ಊರು, ಕೇರಿ, ಮನೆ ಎಲ್ಲ ಸೇರಿಸಿ ಮತ್ತೆ ಕಳಿಸಿದೆ. ಲೈನು ಎರಡು ಸಲ ಕಡಿಯಿತು. ಮಧ್ಯಾಹ್ನದ ಬಸ್ಸು ಹೋದರೂ ಅಕ್ಕ ಏಳಲಿಲ್ಲ. ಫೈಲು ಮುಟ್ಟಿತು ಅಂತ ನಾನು ಹೇಳಿದ ಮೇಲೇ ಎದ್ದದ್ದು.

ಬಸ್ ಸ್ಟ್ಯಾಂಡಿನಲ್ಲಿ ಹನೂರಿನ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತ ಮೇಲೆ ಕೇಳಿದಳು: "ಅವ್ವ ಕೋಳಿಯ ಬೈದ್ಲು ಅಂದ್ಯಲ್ಲ. ಏನಂತ ಬೈದ್ಲು, ಅದ್ನಾದ್ರೂ ಏಳು."

ಬಾಯಿ ತೆರೆದೆ. ನೆನಪಾಗಲಿಲ್ಲ. ಟೇಪಿನಲ್ಲಿ ಇರುತ್ತದಲ್ಲ ಅಂತ ಆವತ್ತು ನಾನು ಕಿವಿಗೊಟ್ಟು ಕೇಳಿರಲೇ ಇಲ್ಲ.