ಪಪ್ಪಾಯಿ ಹಾಲು, ಕರಿ ದಾರ

ಅವರ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಎಳೆ ಪಪ್ಪಾಯಿಕಾಯಿ ಗೀರಿ ಹಾಲು ತೆಗೆದು ತೆಗೆದು ಬೆರಳ ತುದಿ ಸವೆದು ನುಣ್ಣಗಾಗಿತ್ತು. ಸಿರುಗುಪ್ಪದಲ್ಲಿ ನನ್ನ ತವರಿನ ಎದುರುಮನೆಯವರು. ಊರೂರು ತಿರುಗಿ, ಸಿಡುಬು ಬಾರದಂತೆ ಮಕ್ಕಳಿಗೆ ದಾಕು ಹಾಕುವುದು ಆಗಿನ ಮದ್ರಾಸ್ ಸರ್ಕಾರದಲ್ಲಿ ಅವರ ಕೆಲಸ. ನಾವು ದಾಕಿನಣ್ಣ ಎನ್ನುತ್ತಿದ್ದೆವು. ಚಿಕ್ಕಂದಿನಲ್ಲಿ ನನ್ನ ಕೈಮೇಲಿನ ನರುಲಿಗಳನ್ನು ಆ ಹಾಲು ಹಚ್ಚಿಯೇ ಉದುರಿಸಿದ್ದರು.

"ಮಾಂಸ ಬಲಿತಿದ್ದರ ಬಳ್ಳಾರಿ ಕೌಲ್ ಬಜಾರ್‌ನ್ಯಾಗ ಪಪ್ಪಾಯಿಕಾಯಿ ಹಾಕಿ ಮೆತ್ತಗ ಮಾಡ್ತಾರ. ಮಾಂಸಾನ ಕರಗಿಸೋ ಹಾಲು ರೋಗದ ಬೀಜಾನ ಬಿಟ್ಟೀತಾ?" ಎನ್ನುವುದು ಅವರ ಹಠ. ಈಗ ಕಿಣ್ವ ಎನ್ನುತ್ತಾರಲ್ಲ, ಅದು ಆ ಹಾಲಿನಲ್ಲಿದೆ ಎಂದು ಎಲ್ಲೋ ಓದಿದ್ದರು. ಸಿಡುಬು ಬಂದ ಮೇಲೂ ಕೊಡುವಂಥ ಔಷಧಿ ಸಿಗಬಾರದೇ ಎಂಬ ಆಸೆ ಅವರಿಗೆ.

ನಾನು ಕುರುಗೋಡಿಗೆ ಮದುವೆಯಾಗಿ ಬಂದು, ಮಗಳಿಗೆ ಐದು ತಿಂಗಳಾಗಿದ್ದಾಗ ಪಕ್ಕದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಸಿಡುಬು. ದಾಕು ಹಾಕಿಸಿದರೆ ಸಿಡುಬಿನ ದೇವತೆ ಅಮ್ಮ ಸಿಟ್ಟಾಗುತ್ತಾಳೆ ಎಂದು ಅತ್ತೆಯ ಪಟ್ಟು. ದಾಕಿನಣ್ಣ ಬಂದು, "ಅಮ್ಮನ ಅಪ್ಪಣೀ ನೀವ ಕೇಳ್ರಿ, ಅವ್ವಾರ" ಎಂದು ದಾಕು ಬಿಸಿಲಿಗೆ ಕೆಡದಂತೆ ಒದ್ದೆ ಬಟ್ಟೆ ಸುತ್ತಿದ್ದ ಪೆಟ್ಟಿಗೆಯನ್ನೇ ಅತ್ತೆಯ ಕೈಗಿಟ್ಟರು. ಅತ್ತೆ ಅದರೊಳಗಿನ ದಾಕಿನ ಎರಡು ಗಾಜಿನ ನಳಿಗೆಗಳನ್ನು ದೇವರ ಮುಂದಿಟ್ಟು, ಎರಡಕ್ಕೂ ಅರಿಶಿನದ ದಾರ ಸುತ್ತಿ ತಂದರು. ಒಂದಕ್ಕೆ ಮೊದಲೇ ಕಟ್ಟಿದ್ದ ಕರಿ ದಾರವನ್ನು, "ಅಮ್ಮನ ಮುಂದ ಕರೇದು ಆಗಂಗಿಲ್ಲ" ಎಂದು ಕಿತ್ತೊಗೆದಿದ್ದರು.

ದಾಕಿನಣ್ಣನ ಮುಖ ಬಿಳಿಚಿಕೊಂಡಿತು. ಬಿಸಿಲಿಗಿರಬೇಕು ಎಂದುಕೊಂಡೆ, ನನ್ನ ಬುದ್ಧಿಗಿಷ್ಟು! ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಒಂದನ್ನು ಆರಿಸಿ ಮಗಳ ಎಡತೋಳು ಗೀರಿ ದಾಕು ಹಾಕಿದರು.

ದಾಕು ಹತ್ತಿದ್ದರೆ ನಾಲ್ಕನೆಯ ದಿನ ಬೊಕ್ಕೆ ಏಳಬೇಕಿತ್ತು. ತೋಳು ನುಣ್ಣಗೇ ಇತ್ತು. ಅದೇ ಬೆಳಿಗ್ಗೆ ಪಕ್ಕದ ಮನೆಯ ಕೂಸು ಹೋಯಿತು. ಮೊದಲ ಬಸ್ಸಿಗೇ ಬಂದ ದಾಕಿನಣ್ಣ ತೋಳು ನೋಡಿ ನನ್ನ ಮುಂದೆ ಕೂತು ಹೇಳಿದರು.

"ಕರೀ ದಾರದ ನಳಿಗ್ಯಾಗ ಪಪ್ಪಾಯಿ ಹಾಲು ಬೆರಸಿದ್ದೆ, ತಂಗಿ. ಹಾಲು ದಾಕಿನ ಬೀಜ ಕೊಂದರ ಸಿಡುಬಿಂದೂ ಕೊಂದೀತು ಅಂತ, ಕರುವಿನ ಮೈಮ್ಯಾಲೆ ಹಾಕಿ ನೋಡೋದಿತ್ತು. ಅವತ್ತ ಬಾಯಿ ಬಿಟ್ಟಿದ್ರ ಅವ್ವಾರು ಮತ್ತ ಒಪ್ಪತಿರಲಿಲ್ಲ. ಬೆಳಕಿಗೆ ಹಿಡಿದಾಗ ಯಾವುದು ಯಾವುದಂತ ಗುರುತು ಸಿಕ್ತು ಅನ್ಕೊಂಡೆ, ತಪ್ಪಿದೆ."

"ನನ್ನ ಕೂಸು ನಿನಗ ಕರು ಕಂಡಂಗ ಕಂಡಿತೇನು?" ಎಂದೆ. ಅಣ್ಣಾ ಎಂದು ಕರೆದ ಬಾಯಲ್ಲೇ ಏಕವಚನ ಬಂತು. ಕೈಗೆ ಸಿಕ್ಕಿದ್ದನ್ನು ಎತ್ತಿ ಹೊಡೆಯಬೇಕೆನಿಸಿತ್ತು.

ಅವರು ಬಳ್ಳಾರಿಗೆ ಓಡಿದರು. ಸಂಜೆಯೊಳಗೆ ಹೊಸ ದಾಕು ತಂದು, ಅತ್ತೆಯ ಮುಂದೆಯೂ ತಪ್ಪೊಪ್ಪಿಕೊಂಡು, ಬಲತೋಳಿಗೆ ಹಾಕಿದರು. ಆಮೇಲೆ ನಮ್ಮ ಜಗಲಿ ಬಿಟ್ಟು ಕದಲಲಿಲ್ಲ. ಅತ್ತೆ ಬೈಯುತ್ತಲೇ ರೊಟ್ಟಿ ಕೊಟ್ಟರು. ಕೂಸಿನ ಮೈ ತುಸು ಬೆಚ್ಚಗಾದರೂ ಇದು ದಾಕಿನ ಜ್ವರವೋ ಅಮ್ಮನ ಜ್ವರವೋ ಎಂದು ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಐದನೆಯ ಬೆಳಿಗ್ಗೆ ಬಲತೋಳಿನ ಮೇಲೆ ಕೆಂಪು ಬೊಕ್ಕೆ ಎದ್ದಿತ್ತು. ಅವರು ಗೆರೆಯಿಲ್ಲದ ಹೆಬ್ಬೆರಳಿನಿಂದ ಅದರ ಸುತ್ತ ಮೆಲ್ಲಗೆ ಮುಟ್ಟಿ, "ಹತ್ತೈತಿ" ಎಂದು ಅತ್ತುಬಿಟ್ಟರು.

ಆದದ್ದನ್ನು ಮೇಲಿನವರಿಗೆ ತಾವೇ ಬರೆದುಕೊಟ್ಟು ಕೆಲಸ ಕಳೆದುಕೊಂಡರು. ಅಂತೂ ದಾಕಿನ ಬೀಜ ಕೊಂದು ನಿಮ್ಮ ಹಾಲು ಗೆದ್ದಿತಲ್ಲ ಎಂದು ಒಮ್ಮೆ ಕೆಣಕಿದೆ. "ಬಿಸಿಲೂ ಕೊಂದಿರಬಹುದು, ತಂಗಿ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂತ ಒಮ್ಮಿ ತಿಳ್ಕೊಂಡದ್ದು ಸಾಕು" ಎಂದರು.

ಕೆಲವು ವರ್ಷಗಳ ಮೇಲೆ ಕೌಲ್ ಬಜಾರಿನ ಬಾಡಿಗೆ ಕೋಣೆಯಲ್ಲಿ ತೀರಿಕೊಂಡರು. ಆ ದಿನ ಅವರು ತಪ್ಪನ್ನು ಬಿಸಿಲಿನ ಮೇಲೆ ಹಾಕಿ ಕೈತೊಳೆದುಕೊಂಡಿದ್ದರೆ ಕೇಳುವವರಿರಲಿಲ್ಲ. ದಾಕು ಹತ್ತದ ತೋಳುಗಳು ಊರಲ್ಲಿ ಎಷ್ಟೋ ಇದ್ದವು. ಮಗಳ ಓರಗೆಯವರಿಗೆಲ್ಲ ಎಡತೋಳಿನಲ್ಲಿ ಕಲೆ, ಇವಳಿಗೆ ಬಲತೋಳಿನಲ್ಲಿ. ಅವಳಿಗೆ ಎಣ್ಣೆ ಹಚ್ಚುವಾಗಲೆಲ್ಲ ಎಡತೋಳು ಮುಟ್ಟಿ ಅವರನ್ನು ಬೈಯುತ್ತಿದ್ದೆ. ಬಲತೋಳಿಗೆ ಬಂದಾಗ ಬೈಗುಳ ನಿಲ್ಲುತ್ತಿತ್ತು.